ಪಂಚಮಿಗೆ ನೀನು ಉಟ್ಟು ಬಂದ ಸೀರೆ

ವಡಗಾವಿ, ಬೆಳಗಾವಿ
ಶ್ರಾವಣ, ೧೯೮೩

ಖಾನಾಪುರದ ನನ್ನ ಗಂಗಾದೇವಿಗೆ,

ಪಂಚಮಿಗೆ ನೀನು ತವರಿಗೆ ಬಂದು ಹೋದಾಗಿನಿಂದ ನನ್ನ ಹೊಟ್ಟೆ ಉರಿಯುತ್ತಿದೆ. ಬೇರೆಯವರು ಹೇಳುವ ಮೊದಲು ನನ್ನಿಂದಲೇ ಕೇಳು. ನೀನು ಉಟ್ಟು ಬಂದ ಹಸಿರು ಸೀರೆ ನಾನು ನೇಯ್ದದ್ದು. ಎಳೆ ಹರಿದಲ್ಲಿ ನಾನು ಹಾಕುವ ಗಂಟು ನನಗೆ ಗೊತ್ತಾಗದೇ? ನೇಯ್ದ ನಾನು ಅಂಗಡಿಯಲ್ಲಿ ಅದರ ಬೆಲೆ ಕೇಳಲೂ ಅಂಜಿದ್ದೆ. ನೀನು ಅದನ್ನುಟ್ಟು ಜೋಕಾಲಿ ಆಡಿದೆ!

ನಾವಿಬ್ಬರೂ ಒಂದೇ ದಿನ ಗುರುಪುತ್ರಪ್ಪ ಸಾವುಕಾರರ ಮಗ್ಗಕ್ಕೆ ಸೇರಿದವರು, ಪಗಾರವೂ ಒಂದೇ. ಎಪ್ಪತ್ತನಾಲ್ಕರಲ್ಲಿ ನೀನು ಮದುವೆಯಾಗಿ ಖಾನಾಪುರಕ್ಕೆ ಹೋಗಿ ಹಂಚಿನ ಕಾರ್ಖಾನೆ ಸೇರಿದೆ, ಅಲ್ಲಿಯ ಯೂನಿಯನ್ನನ್ನೂ ಸೇರಿದೆ. ಮೊದಲ ವರ್ಷವೇ ಮುಷ್ಕರ. ಪಗಾರವಿಲ್ಲದೆ ಆ ಪಂಚಮಿಗೆ ನೀನು ಹಳೇ ಸೀರೆಯಲ್ಲೇ ಬಂದೆ. ಯೂನಿಯನ್ ಮಾತೆತ್ತದವರಿಗೆ ಸಾವುಕಾರರು ಹಬ್ಬಕ್ಕೊಂದು ಸೀರೆ ಕೊಡುತ್ತಾರಲ್ಲ, ಅದನ್ನುಟ್ಟು ನಾನು ಬೇಕೆಂತಲೇ ನಿನ್ನೆದುರು ಸುಳಿದಾಡಿದೆ. ಖರೇ ಹೇಳುತ್ತೇನೆ, ಭಾರಿ ಖುಷಿಯಾಗಿತ್ತು.

ಆಮೇಲೆ ನಿನ್ನ ಪಗಾರದ ಜೊತೆ ವರ್ಷದಿಂದ ವರ್ಷಕ್ಕೆ ನಿನ್ನ ಸೀರೆಯ ಬೆಲೆಯೂ ಏರುತ್ತ ಹೋಯಿತು. ನನ್ನದು ಅದೇ ಸಾವುಕಾರರ ತೆಳು ಸೀರೆ. 'ಹಂಚಿನ ಧಂದೇನ ಛಲೋ ಐತಿ, ಯೂನಿಯನ್ ಏನ್ ಮಾಡತೈತಿ?' ಎಂದು ನಾನು ಓಣಿ ತುಂಬ ಹೇಳಿಕೊಂಡು ತಿರುಗಿದೆ. ಈ ಸಲ ನಿನ್ನ ನಾದಿನಿ ಮಾಯಕ್ಕ ಜೊತೆಗೆ ಬಂದಳು. ಅವಳದೂ ಹಂಚಿನ ಕೆಲಸವೇ, ಬಾಜೂ ಕಾರ್ಖಾನೆ, ಅಲ್ಲಿ ಯೂನಿಯನ್ ಇಲ್ಲ. 'ನನ್ನ ಪಗಾರ ಎಲ್ಲಿತ್ತೋ ಅಲ್ಲೇ ಕುಂತೈತಿ ನೋಡವಾ' ಎಂದಳು. ಅವಳ ಸೀರೆಯೂ ನನ್ನದರಷ್ಟೇ ತೆಳು. ಹಾಗಾದರೆ ಇದು ಯೂನಿಯನ್ನಿನದೇ ಕೆಲಸ ಎಂದು ತಿಳಿದು ಹೊಟ್ಟೆಕಿಚ್ಚು ಇಮ್ಮಡಿಯಾಯಿತು.

ಹೊರಡುವಾಗ ನೀನು, 'ಇದನ್ನ ನೀನ ಉಟ್ಕೋ, ನನ್ನ ಹಂತ್ಯಾಕ ಇನ್ನೊಂದೈತಿ' ಎಂದು ಆ ಹಸಿರು ಸೀರೆಯನ್ನೇ ನನ್ನ ಕೈಗಿಟ್ಟೆ. ಇನ್ನೊಂದೈತಂತೆ! ಒಳ್ಳೇ ಮನಸ್ಸಿನಿಂದಲೇ ಕೊಟ್ಟೆ, ಅದಕ್ಕೇ ಇನ್ನೂ ಸಿಟ್ಟು.

ನಿನ್ನೆ ಗೌರವ್ವನ ಮನೆಯಲ್ಲಿ ನಮ್ಮ ಮಗ್ಗದವರೆಲ್ಲ ಕೂಡಿದ್ದೆವು. ಯೂನಿಯನ್ನಿಗೆ ಹೆಸರು ಕೊಟ್ಟರೆ ಕೆಲಸ ಹೋದೀತೆಂದು ಎಲ್ಲರೂ ತಲೆ ತಗ್ಗಿಸಿ ಕುಳಿತಿದ್ದರು. ಮೊದಲು ಹೆಸರು ಹೇಳಿದವಳು ನಾನು. ಹಕ್ಕು, ನ್ಯಾಯ ಒಂದೂ ನೆನಪಾಗಲಿಲ್ಲ, ನಿನ್ನ ಮುಖ ನೆನಪಾಯಿತು. ಇವತ್ತು ಮುಂಜಾನೆ ಸಾವುಕಾರರ ಸೀರೆಯನ್ನು ಅವರ ಗಾದಿಯ ಮೇಲಿಟ್ಟೆ. 'ನಾಳಿಂದ ಬರಬ್ಯಾಡ' ಎಂದರು. ನನ್ನ ಹಿಂದೆ ಗೌರವ್ವ ಮಗ್ಗ ಬಿಟ್ಟು ಎದ್ದಳು, ಆಮೇಲೆ ಉಳಿದವರೂ ಎದ್ದರು. ಈಗ ನಮ್ಮದೂ ಮುಷ್ಕರ, ಮಗ್ಗಗಳೆಲ್ಲ ನಿಂತಿವೆ.

ನಿನ್ನ ಹಸಿರು ಸೀರೆ ವಾಪಸು ಕಳಿಸಿದ್ದೇನೆ. ಮುಂದಿನ ಪಂಚಮಿಗೆ ಹಳೇ ಸೀರೆ ಉಡುವ ಪಾಳಿ ನನ್ನದು. ನೀನು ಇದನ್ನುಟ್ಟು ನನ್ನೆದುರು ಬೇಕಾದಷ್ಟು ಸುಳಿದಾಡು. ಅದರ ಮುಂದಿನ ಪಂಚಮಿಗೆ ನೋಡಿಕೊಳ್ಳೋಣ.

ದೇವರು ನಿನ್ನ ಟ್ರಂಕು ತುಂಬ ಸೀರೆ ಕೊಡಲಿ, ನನ್ನದಕ್ಕಿಂತ ಒಂದು ಕಡಿಮೆ.

ನಿನ್ನ ಮೇಲೆ ಉರಿಯುತ್ತಲೇ ಇರುವ
ಸಂಗವ್ವ