ಒದೆಯುವ ಮೊದಲಿನ ಆ ನಿಮಿಷ

ಪಾರ್ಸಿಪನಿ
ನವೆಂಬರ್ 3, ಭಾನುವಾರ

ಪ್ರೀತಿಯ ಶಶಿ,

ಹೇಗಿದ್ದೀಯಪ್ಪಾ? ಕೆಲಸಕ್ಕೆಂದು ಹೋದ ಡಲ್ಲಾಸಿನ ಹೋಟೆಲ್ ಊಟ ನಿನ್ನ ಹೊಟ್ಟೆಗೆ ಒಗ್ಗಿತೋ ಇಲ್ಲವೋ? ಬಿ.ಪಿ. ಮಾತ್ರೆ ತಪ್ಪಿಸಬೇಡ. ನಿನ್ನ ಹೆಂಡತಿ ನೀತಾಳಿಗೆ ಆಸ್ಪತ್ರೆಯ ಡ್ಯೂಟಿ ಎಂದಿನಂತೆ; ಚಳಿಯ ಜೊತೆ ನನ್ನ ಮಂಡಿನೋವೂ ಏರಿದೆ. ಫೋನಿದ್ದೂ ಅವ್ವ ಯಾಕೆ ಕಾಗದ ಬರೆದಳು ಅಂತ ನಗಬೇಡ. ಫೋನಿನಲ್ಲಿ ಹಿಡಿಸದ ಮಾತು ಬಂದ ಕೂಡಲೇ ‘ಅವ್ವಾ, ಮೀಟಿಂಗ್ ಐತಿ’ ಅನ್ನುತ್ತೀಯ. ಕಾಗದಕ್ಕೆ ಮೀಟಿಂಗ್ ಇಲ್ಲ.

ನಿನ್ನ ಮಗಳು ಸಿರಿ ಶುಕ್ರವಾರದಿಂದ ಸರಿಯಾಗಿ ಉಂಡಿಲ್ಲ. ಬೂಟು ಗ್ಯಾರೇಜಿಗೆ ಎಸೆದು, ಸ್ಕೂಲಿನ ಫುಟ್ಬಾಲ್ ಟೀಮ್ ಬಿಡುತ್ತೇನೆ ಅಂತ ಕೂತಿದ್ದಾಳೆ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಈ ಅಮೆರಿಕದ ಫುಟ್ಬಾಲ್ ನನಗೆ ಅರ್ಧ ತಿಳಿಯುತ್ತದೆ. ಟೈಮ್‌ಔಟ್ ಮಾತ್ರ ಪೂರ್ತಿ ತಿಳಿಯುತ್ತದೆ. ಕೊನೆಗಳಿಗೆಯಲ್ಲಿ ಸಿರಿ ಎರಡು ಕಂಬಗಳ ನಡುವೆ ಚೆಂಡು ಒದೆಯಲು ಅಣಿಯಾಗುವಷ್ಟರಲ್ಲಿ ಎದುರು ಕೋಚ್ ಆಟ ನಿಲ್ಲಿಸುತ್ತಾನೆ. ದಣಿವಾರಲಿ ಅಂತಲ್ಲ, ನಿಂತು ಯೋಚಿಸಲಿ, ಕಾಲು ನಡುಗಲಿ ಅಂತ. ಇದು ನಾನು ಕಾಣದ ಆಟವೇ? ದಾವಣಗೆರೆಯಲ್ಲಿ ಹಾಸ್ಟೆಲ್ ಹುಡುಗಿಯರ ಕುಡಿಯುವ ನೀರಿಗಾಗಿ ಕಚೇರಿ ಮುಂದೆ ಧರಣಿ ಕೂತಾಗ ‘ಸಾಹೇಬರು ಊಟಕ್ಕೆ ಹೋಗ್ಯಾರ, ಕಾಯ್ರಿ’ ಅನ್ನುತ್ತಿದ್ದರು. ಕಾಯಿಸಿದರೆ ಕರಗುತ್ತಾರೆ ಅಂತ ಲೆಕ್ಕ. ನಾವು ಕರಗಲಿಲ್ಲ, ಹಾಡಿದೆವು, ಮಂಡಕ್ಕಿ ತಿಂದೆವು. ಲಾಠಿಗೂ ಏಳದವರು ಎದ್ದದ್ದು ಯಾವಾಗ ಗೊತ್ತೇ? ಮನೆಯಿಂದ ಅಪ್ಪನೋ ಗಂಡನೋ ಬಂದು ‘ಸಾಕ್ ಮಾಡು, ಏಳು’ ಅಂದಾಗ.

ಹಿಂದಿನ ಆಟಗಳಲ್ಲೂ ಹೀಗೇ ನಿಲ್ಲಿಸಿದ್ದರು. ‘ಗೋ ಬ್ಯಾಕ್ ಟು ಡ್ಯಾನ್ಸ್ ಕ್ಲಾಸ್’ ಅಂತ ಎದುರು ಟೀಮಿನ ಹುಡುಗರು ಕೂಗಿದರೂ ಸಿರಿ ಬೂಟಿನ ಮಣ್ಣು ಕೆರೆಯುತ್ತಾ ನಿಂತು, ಆಮೇಲೆ ಒದ್ದಳು. ಚೆಂಡು ನೆಟ್ಟಗೆ ಹೋಯಿತು. ಬರೀ ಕಾಯಿಸುವುದರಿಂದ ಏನೂ ಆಗದು, ಶಶಿ. ಆ ಖಾಲಿ ನಿಮಿಷದೊಳಕ್ಕೆ ಯಾರು ಏನು ತುಂಬುತ್ತಾರೆ ಅನ್ನುವುದರಲ್ಲಿದೆ ಎಲ್ಲ.

ಶುಕ್ರವಾರ ತುಂಬಿದವನು ನೀನು. ನಿನಗೆ ಆಟ ತೋರಿಸಲೆಂದು ಬೇಲಿಗೆ ಒರಗಿ, ವಿಡಿಯೋ ಕಾಲ್ ಹಚ್ಚಿ, ಫೋನನ್ನು ಮೈದಾನದ ಕಡೆ ಹಿಡಿದಿದ್ದೆ. ಟೈಮ್‌ಔಟಿನಲ್ಲಿ ಅವಳು ನೀರಿಗೆ ಬೇಲಿಯ ಹತ್ತಿರ ಬಂದಳು. ‘ಅಜ್ಜೀ, ಐ ಗಾಟ್ ದಿಸ್’, ಇದು ನನ್ನ ಕೈಲಾಗುತ್ತದೆ, ಅಂತ ಕಣ್ಣು ಮಿಟುಕಿಸಿದಳು. ಅಷ್ಟರಲ್ಲಿ ನಿನ್ನ ದನಿ: ‘ಸಿರಿ, ರಿಮೆಂಬರ್ ಅವರ್ ಡೀಲ್. ಇದು ಮಿಸ್ ಆದ್ರ ಫುಟ್ಬಾಲ್ ಬಂದ್, ಎಸ್‌ಎಟಿ ಕಾಲೇಜ್ ಎಂಟ್ರನ್ಸ್ ಕೋಚಿಂಗ್ ಶುರು.’ ಅವಳ ಮುಖ ನಾನು ನೋಡಿದೆ, ನಿನಗೆ ಕಾಣಲಿಲ್ಲ. ಚೆಂಡು ಎಡಗಂಬದ ಆಚೆ ಹೋಯಿತು. ತನ್ನ ಜಾಣತನವೇ ಗೆದ್ದಿತು ಅಂತ ಎದುರು ಕೋಚ್ ಕುಣಿದ. ಮೂರ್ಖ! ಅವನ ಕೆಲಸ ಮಾಡಿಕೊಟ್ಟವನು ನಮ್ಮ ಮನೆಯವನು.

ಹುಡುಗರ ನಡುವೆ ಒಬ್ಬಳೇ, ಕಾಲು ಮುರಿದರೆ ಅಂತ ನಿನಗೆ ಭಯ. ಅದು ನನಗೂ ಗೊತ್ತು. ಆದರೆ ನಿನ್ನ ಭಯವನ್ನು ಅವಳ ಕಾಲಿಗೆ ಕಟ್ಟಬೇಡ.

ಆಶೀರ್ವಾದ ಇದೆ, ಸಿಟ್ಟೂ ಇದೆ. ಎರಡನ್ನೂ ತೆಗೆದುಕೋ.

ನಿನ್ನ ಅವ್ವ,
ಶೈಲಮ್ಮ

ಹೇಳುವುದೇ ಮರೆತೆ: ಬೆಳಿಗ್ಗೆ ಬೂಟು ಒರೆಸಿಕೊಟ್ಟು ಅವಳನ್ನು ಪಾರ್ಕಿಗೆ ಎಳೆದೊಯ್ದೆ. ನಿಲ್ಲಿಸಿದ ಚೆಂಡು ಉರುಳದಂತೆ ಅದರ ತುದಿಗೆ ಬೆರಳಿಟ್ಟು ಹುಲ್ಲಿನ ಮೇಲೆ ನಾನೇ ಕೂತೆ. ಮಂಡಿ ಹಾಳಾಗಿ ಹೋಗಲಿ. ಅವಳು ಓಡಿಬಂದಾಗಲೆಲ್ಲ ‘ಟೈಮ್‌ಔಟ್!’ ಅಂತ ಕಿರುಚಿದೆ. ಮೊದಲು ಅತ್ತಳು. ಆಮೇಲೆ ‘ಲೌಡರ್, ಅಜ್ಜೀ!’ ಅಂದಳು. ಬರುವ ಶುಕ್ರವಾರ ಕೊನೆಯ ಆಟ, ಅವಳು ಆಡುತ್ತಾಳೆ. ನಾನು ಫೋನ್ ಹಿಡಿಯುವುದಿಲ್ಲ. ನೋಡಬೇಕಿದ್ದರೆ ವಿಮಾನ ಹತ್ತಿ ಬಾ, ಬೇಲಿಯ ಹತ್ತಿರ ಬಾಯಿ ಮುಚ್ಚಿಕೊಂಡು ನಿಲ್ಲು.