ಕೆಂಪು ಶಾಯಿಯ ಚೀಟಿ

ಕುಂದಾಪುರ
ಜನವರಿ ೧೯೭೨, ಸೋಮವಾರ

ಅಕ್ಕನ ಮುದ್ದಿನ ಸ್ವರ್ಣಾ,

ನಿನ್ನ ಕಾಗದ ಶನಿವಾರ ಕೈಸೇರಿತು. ಬಿಜೂರಿನ ಮನೆಯ ಎಮ್ಮೆ ಕರು ಹಾಕಿದ್ದು, ನಿನ್ನ ಅತ್ತೆ ಪ್ರಭಾವತಿಯಮ್ಮ ನಿನ್ನ ಕೈಯ ಮೀನುಸಾರನ್ನು ಹೊಗಳಿದ್ದು, ನಿನ್ನ ಗಂಡ ಗುಣಪಾಲ ಪೇಟೆಯಿಂದ ಸೀರೆ ತಂದದ್ದು, ಎಲ್ಲ ಓದಿ ಖುಷಿಪಟ್ಟೆ. ಆಮೇಲೆ ಕಾಗದದ ಅಂಚಿನಲ್ಲಿ, ಇರುವೆ ಹರಿದಂಥ ಅಕ್ಷರದಲ್ಲಿ, ಮದುವೆಯಾದ ಮೇಲೆ ಪೆನ್ಸಿಲಿನ್ ಇಂಜೆಕ್ಷನ್ ತೆಗೆದುಕೊಂಡಿಲ್ಲ, ಏನೂ ಆಗಿಲ್ಲ, ಇನ್ನು ಬೇಡವೆಂದು ಕಾಣುತ್ತದೆ ಎಂದು ಬರೆದಿದ್ದೀಯಲ್ಲ, ಅದನ್ನು ಓದಿದ್ದೇ ಎಮ್ಮೆ, ಕರು, ಸೀರೆ ಎಲ್ಲ ಮರೆತುಹೋಯಿತು. ದೊಡ್ಡ ಸಂಗತಿಯನ್ನು ಅಂಚಿನಲ್ಲಿ ಅಡಗಿಸುವ ಬುದ್ಧಿ ನಿನಗೆ ಎಲ್ಲಿಂದ ಬಂತು ಮಾರಾಯ್ತಿ? ನನ್ನಿಂದಲೇ ಬಂದಿರಬೇಕು. ಕಾರ್ಡಿನಲ್ಲಿ ಬರೆದರೆ ಅಂಚೆಯವನಿಂದ ಹಿಡಿದು ನಿಮ್ಮ ಜಗಲಿಯವರೆಗೆ ಎಲ್ಲರೂ ಓದುತ್ತಾರೆಂದು ಲಕೋಟೆ ಕೊಂಡು ತಂದು ಬರೆಯುತ್ತಿದ್ದೇನೆ. ಒಬ್ಬಳೇ ಕೂತು ಓದು.

ನಿನಗೆ ಒಂಬತ್ತು ವರ್ಷವಾದಾಗಿನಿಂದ ನಾಲ್ಕು ವಾರಕ್ಕೊಮ್ಮೆ ಆ ಸೂಜಿ ತಪ್ಪಿರಲಿಲ್ಲ. ಮೊದಲು ಬ್ರಹ್ಮಾವರದಲ್ಲಿ ಭೋಜರಾಜ ಡಾಕ್ಟರ ಹತ್ತಿರ, ನಾನು ಇಲ್ಲಿ ನರ್ಸಾದ ಮೇಲೆ ನನ್ನ ಹತ್ತಿರ. ಮುಖ ಸಿಂಡರಿಸಿಕೊಂಡು ಚುಚ್ಚಿಸಿಕೊಂಡು, ನನ್ನ ಕೋಣೆಯಲ್ಲಿ ಗಂಜಿ ಉಂಡು, ನನ್ನ ಪೌಡರ್ ಡಬ್ಬಿ ಅರ್ಧ ಖಾಲಿ ಮಾಡಿ ಹೋಗುತ್ತಿದ್ದೆ. ಆ ಸೂಜಿ ನಿನಗೆ ದಕ್ಕಿದ್ದು ಹೇಗೆ ಎಂಬ ಕಥೆಯ ಅರ್ಧ ಮಾತ್ರ ನಿನಗೆ ಗೊತ್ತು. ಉಳಿದರ್ಧ ನನ್ನ ಹೊಟ್ಟೆಯಲ್ಲಿದೆ. ಇವತ್ತು ಹೇಳುತ್ತೇನೆ.

ಐವತ್ತೆಂಟನೆಯ ಇಸವಿಯ ಬೇಸಿಗೆ ರಜೆ. ನಿನಗೆ ಐದು, ನನಗೆ ಹನ್ನೊಂದು. ನಿನಗೆ ಗಂಟಲು ಕೆಟ್ಟು ಜ್ವರ ಬಂದಿತ್ತು. ಊರಿನ ಮದ್ದಿನ ಶಾಪಿನ ಡಾಕ್ಟರು ಬೆಳಿಗ್ಗೆ ಸೊಂಟಕ್ಕೆ ಪೆನ್ಸಿಲಿನ್ ಚುಚ್ಚಿದರು. ಮಧ್ಯಾಹ್ನದವರೆಗೂ ನೀನು ಅಳುತ್ತಲೇ ಇದ್ದೆ. ಸಮಾಧಾನ ಮಾಡಲು ನಾನು ನಿನ್ನನ್ನು ಕೊಟ್ಟಿಗೆಯ ಹಿಂದೆ ಕರೆದುಕೊಂಡು ಹೋಗಿ, ಒಡೆದ ಓಡಿನ ಮೇಲೆ ಗೇರುಬೀಜ ಸುಟ್ಟೆ. ಅಪ್ಪಯ್ಯ ಕಾರ್ಖಾನೆಯವರಿಗೆ ಕೊಡಲೆಂದು ಅಂಗಳದಲ್ಲಿ ಒಣಹಾಕಿದ್ದ ಬೀಜ. ಮುಟ್ಟಿದರೆ ಬೆತ್ತ ಎಂದು ಮೊದಲೇ ಹೇಳಿದ್ದರು. ಯಾರಾದರೂ ನೋಡಿಯಾರೆಂಬ ಹೆದರಿಕೆಗೆ ಅರ್ಧಂಬರ್ಧ ಸುಟ್ಟು ಬೆಂಕಿ ಆರಿಸಿದೆ. ನಾನು ಕಲ್ಲಿನಿಂದ ಜಜ್ಜಿ ಬಿಡಿಸಿ ಕೊಡುವಷ್ಟು ತಾಳ್ಮೆ ನಿನಗೆಲ್ಲಿ? ನೀನು ಸಿಪ್ಪೆಯನ್ನೇ ಹಲ್ಲಿಗೆ ಹಾಕಿ ಕಚ್ಚಿದೆ.

ಮರುದಿನ ನಿನ್ನ ತುಟಿ ಬಾತು, ಬೆರಳಿಗೆಲ್ಲ ಗುಳ್ಳೆ ಎದ್ದು, ಉಜ್ಜಿಕೊಂಡ ಕಣ್ಣು ಮುಚ್ಚಿಹೋಗಿತ್ತು. ಅಮ್ಮ ಎದೆ ಬಡಿದುಕೊಳ್ಳುತ್ತ ನಿನ್ನನ್ನು ಎತ್ತಿಕೊಂಡು ಶಾಪಿಗೆ ಓಡಿದರು, ಹಿಂದೆ ನಾನು. ಡಾಕ್ಟರು ನೋಡಿದವರೇ, "ಈ ಸೂಜಿ ಹೆಣ್ಣಿಗೆ ಆತಿಲ್ಲೆ. ಇನ್ ಯಾರೂ ಕೊಡೂಕಾಗ" ಎಂದರು. ಎಲ್ಲರಿಗೂ ಕಾಣಲೆಂದು ಕೆಂಪು ಶಾಯಿಯಲ್ಲಿ 'ಪೆನ್ಸಿಲಿನ್ ಆಗದು' ಎಂದು ಚೀಟಿ ಬರೆದುಕೊಟ್ಟರು. ಅವರನ್ನು ದೂರುವುದಿಲ್ಲ, ಸೂಜಿ ಕೊಟ್ಟ ಮರುದಿನ ಹಾಗಾದರೆ ಯಾರಾದರೂ ಹೆದರುತ್ತಾರೆ. ಆದರೆ ಸ್ವರ್ಣಾ, ನನ್ನ ಬೆರಳಿಗೂ ಗುಳ್ಳೆ ಎದ್ದಿತ್ತು. ಯಾರಿಗೂ ಕಾಣದಂತೆ ಎರಡೂ ಕೈಯನ್ನು ಲಂಗದ ನೆರಿಗೆಯಲ್ಲಿ ಮುಚ್ಚಿಕೊಂಡು ನಾನು ಅಲ್ಲೇ ನಿಂತಿದ್ದೆ.

ಅಮ್ಮ ಆ ಚೀಟಿಯನ್ನು ದೇವರ ಪಟದ ಹಿಂದೆ ಇಟ್ಟರು. ಆಮೇಲಿನ ನಾಲ್ಕು ವರ್ಷದಲ್ಲಿ ನಿನಗೆ ಎಷ್ಟು ಸಲ ಗಂಟಲು ಕೆಟ್ಟಿತೋ, ಅಷ್ಟು ಸಲವೂ ಚೀಟಿ ಹೊರಗೆ ಬಂತು, ಡಾಕ್ಟರು ಸೂಜಿ ಒಳಗಿಟ್ಟರು. ಕಷಾಯ, ಉಪ್ಪುನೀರಿನ ಮುಕ್ಕಳಿಕೆಯಲ್ಲೇ ಕಳೆಯಿತು. ಪ್ರತಿ ಸಲವೂ ಹೇಳಬೇಕೆಂದು ಬಾಯಿ ತೆರೆಯುತ್ತಿದ್ದೆ. ಪ್ರತಿ ಸಲವೂ ನೀನು ಹೇಗೋ ಗುಣವಾಗುತ್ತಿದ್ದೆ, ನಾನು ಬಾಯಿ ಮುಚ್ಚುತ್ತಿದ್ದೆ. ಅರವತ್ತೆರಡರಲ್ಲಿ ನಿನ್ನ ಮೊಣಕಾಲು ಊದಿತು, ಆಮೇಲೆ ಮೊಣಕೈ. ಶಾಲೆಯ ಮೆಟ್ಟಿಲು ಹತ್ತಿದರೆ ಏದುಸಿರು. ಅಪ್ಪಯ್ಯ ಗದ್ದೆ ಕೆಲಸದಲ್ಲಿದ್ದರು. ಅಮ್ಮ, ನಾನು, ನೀನು ಬ್ರಹ್ಮಾವರಕ್ಕೆ ಹೋದೆವು.

ಭೋಜರಾಜ ಡಾಕ್ಟರು ನಿನ್ನ ಎದೆಯನ್ನು ಬಹಳ ಹೊತ್ತು ಆಲಿಸಿ, ನಿನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಲು ಹೇಳಿದರು. ಗಂಟಲಿನ ಕಾಯಿಲೆಗೆ ಸರಿಯಾದ ಮದ್ದು ಬೀಳದೆ ಅದು ಗಂಟಿಗೂ ಹೃದಯಕ್ಕೂ ಇಳಿದಿದೆ, ಹೃದಯದ ಕವಾಟಕ್ಕೆ ಸ್ವಲ್ಪ ಪೆಟ್ಟಾಗಿದೆ, ಇನ್ನೊಮ್ಮೆ ಹೀಗಾದರೆ ಹೆಚ್ಚು ಕೆಡುತ್ತದೆ, ಆಗದಂತೆ ತಡೆಯಲು ಪ್ರತಿ ತಿಂಗಳು ಪೆನ್ಸಿಲಿನ್ ಬೇಕು ಎಂದರು. ಅಮ್ಮ ಸೆರಗಿನ ಗಂಟು ಬಿಚ್ಚಿ ಚೀಟಿ ಕೊಟ್ಟರು. ಅವರು ಓದಿದರು. ಬೇರೆ ಡಾಕ್ಟರುಗಳ ಹಾಗೆ ಅಲ್ಲಿಗೇ ಬಿಡಲಿಲ್ಲ. "ಗುಳ್ಳಿ ಎಲ್ಲೆಲ್ಲಿ ಎದ್ದಿತ್ತ್? ಆ ದಿನ ಹೆಣ್ಣ್ ಎಂತ ಮುಟ್ಟಿತ್ತ್?" ಎಂದು ಕೇಳಿದರು.

ನಾಲ್ಕು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅಮ್ಮ ಬಾಯಿ, ಕೈ, ಕಣ್ಣು ಎಂದರು, ಮುಟ್ಟಿದ್ದು ಏನೂ ಇಲ್ಲ ಎಂದರು. ನಾನು ಅಮ್ಮನ ಹಿಂದಿನಿಂದ ಮುಂದೆ ಬಂದೆ. "ಗೇರ್‌ಬೀಜ ಸುಟ್ಟದ್ ನಾನ್. ಅದ್ಕ್ ಕೊಟ್ಟದ್ದೂ ನಾನೇ" ಎಂದೆ. ಅಮ್ಮ ತಿರುಗಿ ನನ್ನನ್ನು ನೋಡಿದ ನೋಟ ಈಗಲೂ ನನ್ನ ಕಣ್ಣ ಮುಂದಿದೆ. ಬೈಯಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೆ ಹಗುರಾಗುತ್ತಿದ್ದೆ.

ಗೇರುಬೀಜದ ಹಸಿ ಸಿಪ್ಪೆಯ ಎಣ್ಣೆ ತಾಗಿದಲ್ಲಿ ಸುಟ್ಟು ಗುಳ್ಳೆ ಏಳುತ್ತದೆಂದು ಡಾಕ್ಟರಿಗೆ ಗೊತ್ತಿತ್ತು; ಕಾರ್ಖಾನೆಯ ಹೆಂಗಸರ ಕೈಗೆ ಅವರು ದಿನಾ ಮದ್ದು ಹಚ್ಚುತ್ತಿದ್ದರು. ಆದರೂ ನನ್ನ ಮಾತೊಂದನ್ನೇ ನಂಬಿ ಚುಚ್ಚಲು ಅವರು ತಯಾರಿರಲಿಲ್ಲ. ಚರ್ಮದ ಮೇಲೆ ಪರೀಕ್ಷೆ ಮಾಡಿ ನೋಡೋಣ ಎಂದರು. ಇಲ್ಲಿಂದ ಮುಂದಿನದು ನಿನಗೆ ನೆನಪಿರುತ್ತದೆ. ನಿನ್ನ ಮೊಣಕೈ ಕೆಳಗೆ ಪೆನ್ನಿನಿಂದ ಎರಡು ಸುತ್ತು ಬರೆದರು. ಒಂದರಲ್ಲಿ ಬರೀ ಉಪ್ಪುನೀರಿನ ಹನಿ, ಇನ್ನೊಂದರಲ್ಲಿ ತೀರಾ ತೆಳುವಾಗಿಸಿದ ಮದ್ದಿನ ಹನಿ, ಮೇಲೆ ಸೂಜಿಯಿಂದ ಸಣ್ಣ ಗೀರು. ಏನಾದರೂ ಹೆಚ್ಚುಕಡಿಮೆಯಾದರೆ ಎಂದು ತಟ್ಟೆಯಲ್ಲಿ ಬೇರೊಂದು ಸೂಜಿ ತುಂಬಿಸಿಟ್ಟಿದ್ದರು. ನಾನು ನಿನ್ನ ಕೈ ನೋಡಿದ್ದಕ್ಕಿಂತ ಹೆಚ್ಚು ಆ ತಟ್ಟೆಯನ್ನು ನೋಡಿದೆ. ಗೋಡೆ ಗಡಿಯಾರದ ಮುಳ್ಳು ಅಲುಗುವಂತೆಯೇ ಕಾಣಲಿಲ್ಲ. ನೀನು ಮಾತ್ರ ಕಾಲು ಆಡಿಸುತ್ತ, "ಅಕ್ಕ, ತುರ್ಸ್ತಿಲ್ಲೆ" ಎಂದು ಮತ್ತೆ ಮತ್ತೆ ಹೇಳುತ್ತಿದ್ದೆ. ಗೀರಿನ ಜಾಗ ಊದಲಿಲ್ಲ. ಚರ್ಮದೊಳಗೆ ಒಂದು ಹನಿ ಕೊಟ್ಟು ಮತ್ತೆ ಕಾಯಿಸಿದರು. ಊದಲಿಲ್ಲ. ಕೊನೆಗೆ ಸ್ವಲ್ಪ ಸ್ವಲ್ಪವಾಗಿ ಮದ್ದು ಕೊಟ್ಟು ಮಧ್ಯಾಹ್ನದವರೆಗೆ ಅಲ್ಲೇ ಕೂರಿಸಿಕೊಂಡರು. ಏನೂ ಆಗಲಿಲ್ಲ. ಕೆಂಪು ಅಕ್ಷರದ ಮೇಲೆ ಗೀಟು ಹಾಕಿ, ಕೆಳಗೆ ನೀಲಿ ಶಾಯಿಯಲ್ಲಿ 'ಪರೀಕ್ಷಿಸಿದೆ, ಕೊಡಬಹುದು' ಎಂದು ಬರೆದರು. ಹಿಂದಿನ ಸಲ ಯಾಕೆ ಗುಳ್ಳೆ ಎದ್ದಿತು ಎಂಬುದನ್ನು ಅಮ್ಮ ನಿನಗೆ ಹೇಳಲೇ ಇಲ್ಲ. ನಾನು ಮೊದಲೇ ಹೇಳಿದ್ದರೆ ಇವಳ ಹೃದಯ ಉಳಿಯುತ್ತಿತ್ತೇ ಎಂದು ನಾನು ಡಾಕ್ಟರನ್ನು ಕೇಳಿದೆ. ಹೇಳಲಾಗದು ಎಂದರು. ಅದು ಹೌದು ಎಂಬುದಕ್ಕೆ ಹತ್ತಿರದ ಮಾತೆಂದು ನನಗೆ ಗೊತ್ತು. ಕ್ಷಮಿಸು ತಂಗಿ.

ನಾನು ನರ್ಸಾದದ್ದು ಅದಕ್ಕೇ. ಈಗ ನಮ್ಮಲ್ಲಿಗೆ ಇಂಥ ಚೀಟಿ ಹಿಡಿದು ಬರುವ ಮಕ್ಕಳ ತಾಯಂದಿರನ್ನು ನಾನೇ ಕೂರಿಸಿ, ಅವತ್ತು ಮಗು ಏನು ತಿಂದಿತು, ಏನು ಮುಟ್ಟಿತು ಎಂದು ಕೇಳುತ್ತೇನೆ. ಜೊತೆಗೆ ಬಂದ ಅಕ್ಕ ಅಣ್ಣಂದಿರ ಕೈಯನ್ನೂ ನೋಡುತ್ತೇನೆ. ಎಲ್ಲ ಚೀಟಿಯೂ ಸುಳ್ಳಲ್ಲ. ಹೋದ ತಿಂಗಳು ಶಿರೂರಿನ ಸುಗುಣ ಎಂಬ ಮಗುವಿಗೆ ಗೀರು ಹಾಕಿ ಹತ್ತು ನಿಮಿಷದೊಳಗೆ ಅಡಿಕೆಯಷ್ಟು ಊದಿತು. ಆ ಚೀಟಿ ಹಾಗೇ ಉಳಿಯಿತು, ಮಗುವೂ ಉಳಿಯಿತು. ಗೊತ್ತುಮಾಡಿಕೊಳ್ಳದೆ ಹೆದರುವುದೂ ತಪ್ಪು, ಗೊತ್ತುಮಾಡಿಕೊಳ್ಳದೆ ಧೈರ್ಯ ಮಾಡುವುದೂ ತಪ್ಪು ಎಂದು ನಮ್ಮ ಡಾಕ್ಟರು ಹೇಳುತ್ತಿರುತ್ತಾರೆ. ನೀನು ಈಗ ಮಾಡುತ್ತಿರುವುದು ಎರಡನೆಯದು.

ಯಾಕೆ ಬಿಟ್ಟೆ ಎಂದು ನೀನು ಬರೆದಿಲ್ಲ, ನನಗೆ ಗೊತ್ತು. ಹೆಣ್ಣು ನೋಡಲು ಬಂದ ದಿನ ಹುಡುಗಿಗೆ ಕಾಯಿಲೆ ಕಸಾಲೆ ಏನಾದರೂ ಉಂಟೋ ಎಂದು ಪ್ರಭಾವತಿಯಮ್ಮ ಕೇಳಿದರು. ಅಪ್ಪಯ್ಯ ಇಲ್ಲ ಎಂದರು. ನಾನು ಬಾಗಿಲ ಹಿಂದೆ ಕಾಫಿ ಲೋಟ ಹಿಡಿದು ನಿಂತಿದ್ದೆ. ಆಮೇಲೆ ಕೇಳಿದ್ದಕ್ಕೆ ಅಪ್ಪಯ್ಯ, "ಹೇಳ್ರೆ ಮದಿ ಆಪುದಿಲ್ಲೆ. ಬಾಯ್ ಮುಚ್ಕಂಡಿರ್" ಎಂದರು. ಮುಚ್ಚಿಕೊಂಡೆ. ನಿನ್ನ ವಿಷಯದಲ್ಲಿ ನಾನು ಎರಡನೇ ಸಲ ಬಾಯಿ ಮುಚ್ಚಿದ್ದು ಅದು. ತಿಂಗಳು ತಿಂಗಳು ಕುಂದಾಪುರಕ್ಕೆ ಯಾಕೆ ಹೋಗುತ್ತೀ ಎಂದು ಅತ್ತೆ ಕೇಳಿದರೆ ಹೇಳಲು ನಿನ್ನ ಹತ್ತಿರ ಉತ್ತರವಿಲ್ಲ. ಹಾಗಾಗಿ ನೀನು ಬರುವುದನ್ನೇ ಬಿಟ್ಟೆ. ನಾಳೆ ಬಸುರಿಯಾದರೆ ಆ ಪೆಟ್ಟುಬಿದ್ದ ಕವಾಟ ಇಬ್ಬರ ಭಾರ ಹೊರಬೇಕು, ಅದನ್ನು ಯೋಚಿಸಿದ್ದೀಯಾ?

ಮೂರನೇ ಸಲ ನಾನು ಬಾಯಿ ಮುಚ್ಚುವುದಿಲ್ಲ. ಗುರುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬಿಜೂರಿಗೆ ಬರುತ್ತೇನೆ. ಇಷ್ಟು ದಿನ ತಪ್ಪಿದ ಮೇಲೆ ಮತ್ತೊಮ್ಮೆ ಕೈಗೆ ಗೀರು ಹಾಕಿ ನೋಡಿಯೇ ಕೊಡಬೇಕೆಂದು ನಮ್ಮ ಡಾಕ್ಟರು ಹೇಳಿದ್ದಾರೆ, ಅದಕ್ಕೆ ನಿನ್ನನ್ನು ಇಲ್ಲಿಗೇ ಕರೆದುಕೊಂಡು ಬರಬೇಕು. ಅಷ್ಟರೊಳಗೆ ಗುಣಪಾಲನಿಗೂ ಅತ್ತೆಗೂ ನೀನೇ ಹೇಳಿಬಿಡು. ನೀನು ಹೇಳಿದ್ದರೆ ನಾನು ಎಮ್ಮೆ ಕರು ನೋಡಿ, ಊಟ ಮಾಡಿ, ನಿನ್ನನ್ನು ಕರೆದುಕೊಂಡು ಹೊರಡುತ್ತೇನೆ. ಹೇಳಿರದಿದ್ದರೆ ಜಗಲಿಯಲ್ಲಿ ಕೂತು, ಈಗ ನನ್ನ ಹತ್ತಿರವೇ ಇರುವ ಕೆಂಪು ಶಾಯಿಯ ಚೀಟಿಯನ್ನು ಅವರ ಮುಂದಿಟ್ಟು ಗೇರುಬೀಜದಿಂದ ಶುರುಮಾಡಿ ಎಲ್ಲವನ್ನೂ ನಾನೇ ಹೇಳುತ್ತೇನೆ. ಅಪ್ಪಯ್ಯನ ಸುಳ್ಳನ್ನೂ, ನನ್ನ ಸುಳ್ಳನ್ನೂ. ಅವರು ಬೈದರೆ ಬೈಸಿಕೊಳ್ಳಲು ನಾನಿದ್ದೇನೆ. ಗುಣಪಾಲ ಒಳ್ಳೆಯವನೆಂದು ನನಗೆ ಅನ್ನಿಸಿದೆ. ಅಲ್ಲದಿದ್ದರೆ ಅದೂ ಈಗಲೇ ಗೊತ್ತಾಗಲಿ.

ನಿನಗೆ ಸಿಟ್ಟು ಬರುತ್ತದೆ, ಬರಲಿ. ಹತ್ತು ವರ್ಷ ಮಾತು ಬಿಡು, ಇಪ್ಪತ್ತು ವರ್ಷ ಬಿಡು. ಮುನಿಸಿಕೊಳ್ಳಲು ಅಷ್ಟು ವರ್ಷ ನಿನಗೆ ಸಿಗಲಿ ಎಂಬುದೊಂದೇ ನನ್ನ ಹಟ.

ನೂರು ಕಾಲ ಬಾಳು ಮಗಾ. ಗುರುವಾರ ನನ್ನ ಪಾಲಿನ ಅಕ್ಕಿಯನ್ನೂ ಹಾಕಿರು.

ಕೈ ಮುಚ್ಚಿಕೊಳ್ಳದ ನಿನ್ನ ಅಕ್ಕ,
ಗಿರಿಜಾ