ನೀರಿನ ಬದಲು ಗಾಳಿ

ಮಾರ್ಚ್ 7, ಗುರುವಾರ

ಕಾರಿನಲ್ಲಿ ಅಣ್ಣ ಹೇಳಿದ್ದನ್ನು ಇಲ್ಲಿ ಬರೆಯುವುದು ಬೇಡವೆಂದೇ ಇದ್ದೆ. ನಾಳೆಯ ಡ್ರಾಯಿಂಗ್ ತಿದ್ದಿದೆ. ಬಟ್ಟೆ ಮಡಚಿದೆ. ಆದರೂ...

ಮೊನ್ನೆ ನಾನೂ ಅಣ್ಣನೂ ನಡೆಸುವ ಟ್ಯಾಂಕ್ ಶೆಡ್ಡಿನಲ್ಲಿ, ಬೆಸುಗೆ ಸೋರುತ್ತದಾ ಎಂದು ಒತ್ತಡ ಹಾಕಿ ನೋಡುವಾಗ, ಹೊಸ ಟ್ಯಾಂಕಿನ ಮುಚ್ಚಳ ಹಾರಿ ವೆಲ್ಡರ್ ಮೇಸ್ತ್ರಿಯ ಕಾಲಿಗೆ ಬಡಿಯಿತು. ಇವತ್ತು ಮಂಡಿಯ ಕೆಳಗೆ ಕಾಲನ್ನೇ ತೆಗೆದರು. ಆಸ್ಪತ್ರೆಯಿಂದ ವಾಪಸ್ ಬರುವಾಗ ಅಣ್ಣ—

"ನೀರು ತುಂಬಿಸಿದ್ರೆ ಆಮೇಲೆ ಒಣಗಿಸೋಕೆ ಎರಡು ದಿನ. ಗಿರಾಕಿ ತಲೆ ತಿಂತಿದ್ದ. ಗಾಳೀಲೇ ಟೆಸ್ಟ್ ಮಾಡು ಅಂತ ಮೇಸ್ತ್ರಿಗೆ ನಾನೇ ಅಂದೆ. ನಿನಗೊಬ್ಬಳಿಗೇ ಹೇಳ್ತಿರೋದು ಕಣೇ."

"ಹೂಂ" ಅಂದೆ. ಯಾಕೆ ಹೂಂ?

ಮಾರ್ಚ್ 8

ನೀರಾಗಲಿ ಗಾಳಿಯಾಗಲಿ, ಒತ್ತಡ ಅಷ್ಟೇ. ಗೇಜಿನ ಮುಳ್ಳು ನಿಲ್ಲುವುದು ಒಂದೇ ಕಡೆ. ಆದರೆ ನೀರು ಕುಗ್ಗುವುದೇ ಇಲ್ಲ ಎನ್ನಬಹುದು. ಬೆಸುಗೆ ಬಿಟ್ಟರೆ ಒಂದಿಷ್ಟು ಚಿಮ್ಮಿ, ಮುಳ್ಳು ಇಳಿದು, ಮುಗಿಯಿತು. ಗಾಳಿ ಹಾಗಲ್ಲ. ಒಂದು ಕೋಣೆಯಷ್ಟು ಗಾಳಿ ಟ್ಯಾಂಕಿನೊಳಗೆ ಮುದುಡಿ ಕೂತಿರುತ್ತದೆ. ಬಿರುಕು ಸಿಕ್ಕಿತೋ, ತನ್ನ ಜಾಗವನ್ನೆಲ್ಲ ಒಂದೇ ಏಟಿಗೆ ವಾಪಸ್ ಕೇಳುತ್ತದೆ.

ಶಾಲೆಯಲ್ಲಿ ನೀರು 'ಇನ್‌ಕಂಪ್ರೆಸಿಬಲ್', ಅಂದರೆ ಕುಗ್ಗದ್ದು, ಅಂತ ಸ್ಪೆಲಿಂಗ್ ಸಮೇತ ಬಾಯಿಪಾಠ. ಅಣ್ಣನೂ ಅದೇ ಶಾಲೆ.

ಮಾರ್ಚ್ 12

ಕಾರ್ಖಾನೆ ಇಲಾಖೆಯ ಇನ್ಸ್‌ಪೆಕ್ಟರ್ ಬಂದಿದ್ದರು. ಮೇಸ್ತ್ರಿ ತಾನಾಗಿಯೇ ಗಾಳಿ ಹಾಕಿದ ಎಂದ ಅಣ್ಣ, ಕಣ್ಣು ಮಿಟುಕಿಸದೆ. ಬೇಕೆಂದೇ ನಿಯಮ ಮೀರಿದ್ದು ಮೇಸ್ತ್ರಿಯೇ ಎಂದಾದರೆ ಅವರಿಗೆ ಪರಿಹಾರವೂ ಇಲ್ಲ.

ಇನ್ಸ್‌ಪೆಕ್ಟರ್ ನನ್ನತ್ತ ತಿರುಗಿದರು. ಪಾಲುದಾರಳಲ್ಲವೇ.

"ಅವತ್ತು ನಾನಿರಲಿಲ್ಲ" ಎಂದೆ.

ನಿಜ. ಎಷ್ಟು ಅಚ್ಚುಕಟ್ಟಾದ ನಿಜ.

ಮಾರ್ಚ್ 15, ಶುಕ್ರವಾರ

ಆಸ್ಪತ್ರೆ. ಹೊದಿಕೆ ಒಂದು ಕಡೆ ಚಪ್ಪಟೆ. ಅತ್ತ ನೋಡದಿರಲು ಕಿಟಕಿ ನೋಡಿದೆ.

"ಅಕ್ಕಾ, ಬೆಸುಗೆ ನಂದೇ. ಕೆಟ್ಟಿರಬಹುದು, ಇಲ್ಲ ಅನ್ನಲ್ಲ," ಎಂದರು ಮೇಸ್ತ್ರಿ. "ಗಾಳಿ ಮಾತ್ರ ನಂದಲ್ಲ."

"ಬೆಸುಗೆ ಕೆಟ್ಟಿದೆಯಾ ಅಂತ ನೋಡೋಕೇ ಅಲ್ವಾ ಟೆಸ್ಟು? ನೀರಾಗಿದ್ದಿದ್ರೆ ನಿಮ್ಮ ಪ್ಯಾಂಟು ಒದ್ದೆಯಾಗ್ತಿತ್ತು, ಅಷ್ಟೇ."

"ಹಂಗಾಗಿದ್ರೆ ಶೆಡ್ಡಲ್ಲಿ ವಾರಗಟ್ಲೆ ಆಡ್ಕೊಳ್ತಿದ್ರು," ನಕ್ಕರು.

ಅವರ ಹೆಂಡತಿ ನಗಲಿಲ್ಲ. "ಓದಿದೋರು ನೀವು. ಇದೇ ಮಾತನ್ನ ಇನ್ಸ್‌ಪೆಕ್ಟರ್ ಮುಂದೆ ಯಾಕೆ ಹೇಳ್ಲಿಲ್ಲ?"

ಮಾರ್ಚ್ 16

ಹೇಳಿಕೆ ಬದಲಾಯಿಸು ಎಂದು ನಿನ್ನೆ ಸಂಜೆಯೇ ಅಣ್ಣನಿಗೆ ಹೇಳಿದ್ದೆ. ಉತ್ತರ ಅತ್ತಿಗೆಯಿಂದ ಬಂತು, ಫೋನಿನಲ್ಲಿ.

"ಯಾರದೋ ಕಾಲಿಗೆ ಒಡಹುಟ್ಟಿದವನ ಕುತ್ತಿಗೆ ಕೊಡ್ತೀಯೇನೇ?"

"ಅವರ ಕಾಲು ಆಗ್ಲೇ ಹೋಗಿದೆ ಅತ್ತಿಗೆ."

"ಹೋಗಿದ್ದು ಹೋಯ್ತಲ್ಲ. ನೀನು ಬಾಯಿ ಬಿಟ್ರೆ ಮತ್ತೆ ಬೆಳೆಯುತ್ತಾ?"

ಇನ್ಸ್‌ಪೆಕ್ಟರರಿಗೆ ಪತ್ರ ಬರೆದೆ. ಗಾಳಿ ಹಾಕಲು ಹೇಳಿದ್ದು ಅಣ್ಣ, ನನ್ನೆದುರೇ ಒಪ್ಪಿಕೊಂಡಿದ್ದಾನೆ—ಎರಡೇ ಸಾಲು. ನ್ಯಾಯಕ್ಕಾಗಿಯೋ, ಮೇಸ್ತ್ರಿಯ ಹೆಂಡತಿಯ ಪ್ರಶ್ನೆ ತಾಳಲಾರದೆಯೋ... ಗೊತ್ತಿಲ್ಲ. ಎರಡೂ ಇದ್ದೀತು.

ನಾಳೆ ಅಣ್ಣ ಊಟಕ್ಕೆ ಬರುತ್ತಾನೆ. ಬಡಿಸಿ, ಎದುರಿಗೆ ಕೂತೇ ಹೇಳುತ್ತೇನೆ. ಆಮೇಲೆ ಅವನು ಈ ಮನೆಗೆ ಬರುವುದಿಲ್ಲ.

ಪತ್ರ ಅಂಚೆಗೆ ಹಾಕುವುದು—ಸೋಮವಾರ, ಮಾರ್ಚ್ 18